ಕೈಬದಲಿಗೆ ತಂದ ಸೊಪ್ಪು

ಬಾಕಿ ವಸೂಲಿ ಮಾಡುವುದರಲ್ಲಿ ನಮ್ಮ ಸುತ್ತಮುತ್ತ ನನಗೆ ಹೆಸರಿದೆ. ನಾನು ಜಗಳ ಆಡುವುದಿಲ್ಲ, ಫೋನು ಮಾಡಿ ಕಾಡುವುದೂ ಇಲ್ಲ. ಬಾಕಿ ಇಟ್ಟವರ ಮನೆಗೆ ಬೆಳಗ್ಗೆ ಹತ್ತರ ಹೊತ್ತಿಗೆ ಹೋಗಿ ಜಗುಲಿಯ ಮೇಲೆ ಕೂತುಬಿಡುತ್ತೇನೆ. ಮಜ್ಜಿಗೆ ಕೊಟ್ಟರೆ ಕುಡಿಯುತ್ತೇನೆ, ಅವರೆಕಾಯಿ ಸುಲಿಯುತ್ತಿದ್ದರೆ ನಾನೂ ಸುಲಿಯುತ್ತೇನೆ. ದುಡ್ಡಿನ ಮಾತು ಮಾತ್ರ ಎತ್ತುವುದಿಲ್ಲ. ಊಟದ ಹೊತ್ತಾಗುತ್ತಾ ಬಂದಂತೆ ಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ತಾವಾಗಿಯೇ ಕಕ್ಕುತ್ತಾರೆ. ಆಮೇಲೆ ಊಟಕ್ಕೆ ಕರೆದರೆ ಊಟವನ್ನೂ ಮಾಡಿಕೊಂಡು ಬರುತ್ತೇನೆ.

ನನ್ನದು ಶಿಡ್ಲಘಟ್ಟದ ಆಚೆಯ ಒಂದು ಹಳ್ಳಿಯಲ್ಲಿ ಚಾಕಿ ಕೇಂದ್ರ. ರೇಷ್ಮೆ ಮೊಟ್ಟೆ ತಂದು, ಮರಿ ಒಡೆಸಿ, ಎಂಟು ದಿನ ಎಳೆಹುಳುಗಳನ್ನು ಸಾಕಿ ರೈತರಿಗೆ ಕೊಡುವುದು ನನ್ನ ಕೆಲಸ. ಹುಳು ಪೊರೆ ಬಿಡುವುದಕ್ಕೆ ಮೇವು ಬಿಟ್ಟು ಸುಮ್ಮನೆ ಕೂರುವುದನ್ನು ನಾವು ಜ್ವರ ಎನ್ನುತ್ತೇವೆ. ಎರಡನೇ ಜ್ವರಕ್ಕೆ ಕೂತ ಹುಳು ನನ್ನ ಕೋಣೆಯಿಂದ ರೈತರ ಹುಳುಮನೆಗೆ ಹೋಗುತ್ತದೆ. ಅಲ್ಲಿ ಇನ್ನೂ ಎರಡು ಜ್ವರ ಎದ್ದು, ವಾರಗಟ್ಟಲೆ ತಿಂದು, ಗೂಡು ಕಟ್ಟಿ, ಆ ಗೂಡು ಮಾರಾಟವಾದ ಮೇಲೆ ನನ್ನ ದುಡ್ಡು ಬರಬೇಕು. ಅಲ್ಲಿಯ ತನಕ ಎಲ್ಲವೂ ನಂಬಿಕೆಯ ಮೇಲೆ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅನ್ನುವ ಮಾತು ನಮ್ಮ ಕಸುಬನ್ನು ನೋಡಿಯೇ ಹುಟ್ಟಿರಬೇಕು ಎಂದು ನಾನು ತಮಾಷೆ ಮಾಡುತ್ತಿದ್ದೆ.

ಇಂಥ ನಾನೇ ಕಳೆದ ಬೇಸಿಗೆಯಲ್ಲಿ ಒಬ್ಬಳಿಗೆ ಬಾಕಿಯವಳಾಗಿಬಿಟ್ಟೆ. ಬಾಕಿ ಇದೆ ಎಂದು ಅವಳಿಗೇ ಗೊತ್ತಿರಲಿಲ್ಲ.

ಹುಳುಗಳು ಒಂದನೇ ಜ್ವರಕ್ಕೆ ಕೂತಿದ್ದ ದಿನ ಮಧ್ಯಾಹ್ನ ಆಲಿಕಲ್ಲು ಮಳೆ ಬಿತ್ತು. ಹತ್ತು ನಿಮಿಷವೂ ಬಿದ್ದಿರಲಾರದು. ಎಳೆಹುಳುವಿಗೆ ಬಲಿತ ಸೊಪ್ಪು ಆಗುವುದಿಲ್ಲ, ಗಿಡದ ತುದಿಯ ಹೊಳೆಯುವ ಎಲೆಯೇ ಬೇಕು. ಹಾಗಾಗಿ ನಮ್ಮ ಹಿಪ್ಪುನೇರಳೆ ತೋಟವನ್ನು ನಾಲ್ಕು ತುಂಡು ಮಾಡಿ, ಒಂದೊಂದು ಬ್ಯಾಚಿಗೆ ಒಂದೊಂದು ತುಂಡಿನ ಎಳೆಸೊಪ್ಪು ಒದಗುವಂತೆ ಸರದಿಯಲ್ಲಿ ಕಟಾವು ಮಾಡಿರುತ್ತೇನೆ. ಮಳೆ ನಿಂತ ಮೇಲೆ ಹೋಗಿ ನೋಡಿದರೆ ಆ ಬ್ಯಾಚಿನ ತುಂಡಿನಲ್ಲಿ ಕುಡಿಗಳೆಲ್ಲ ಜರಡಿಯಾಗಿದ್ದವು. ಉಳಿದ ತುಂಡುಗಳಲ್ಲಿ ಚಿಗುರು ಇನ್ನೂ ಗೇಣುದ್ದ. ಹರಿಯದೆ ಉಳಿದ ಎಲೆಗಳನ್ನು ಆರಿಸಿ ಕಿತ್ತರೆ ಮುಕ್ಕಾಲು ಪಾಲು ತಟ್ಟೆಗಳಿಗೆ ಸಾಲುತ್ತಿತ್ತು. ಮರುದಿನ ಬೆಳಗ್ಗೆ ಹುಳು ಹಸಿದು ಏಳುತ್ತವೆ, ಆಗ ನನ್ನ ಕಷ್ಟ ಕೇಳಿಕೊಂಡು ಕೂರುವುದಿಲ್ಲ.

ಪಕ್ಕದ ತೋಟದ ಯಜಮಾನರ ಹತ್ತಿರ ಹೋದೆ. ಎಪ್ಪತ್ತು ದಾಟಿದವರು, ಮನೆಮಾತು ತೆಲುಗು, ನನಗೆ ಹುಳು ಹಿಡಿಯುವುದನ್ನು ಕಲಿಸಿದವರೇ ಅವರು. ನಮ್ಮ ಕಡೆ ಸೊಪ್ಪನ್ನು ಕೈಬದಲು ಕೊಡುವ ಪದ್ಧತಿ ಇದೆ. ಇವತ್ತು ಎಷ್ಟು ಹೊರೆ ತಂದೆವೋ ಅಷ್ಟೇ ಹೊರೆಯನ್ನು ನಮ್ಮ ತೋಟ ಬೆಳೆದಾಗ ಹಿಂತಿರುಗಿಸಬೇಕು. ಸೊಪ್ಪಿಗೆ ಸೊಪ್ಪೇ, ದುಡ್ಡಿನ ಮಾತಿಲ್ಲ. ಅವರ ತೋಟ ನಮ್ಮದಕ್ಕಿಂತ ತಗ್ಗಿನಲ್ಲಿದೆ, ಆಲಿಕಲ್ಲು ಅಷ್ಟಾಗಿ ತಾಗಿರಲಿಲ್ಲ.

"ಕೊಯ್ಕೊಂಡ್ ಹೋಗಮ್ಮ, ನೀನು ಕೇಳ್ಬೇಕಾ," ಎಂದರು.

ಇಲ್ಲಿ ನನ್ನ ತಪ್ಪನ್ನು ಬಿಡಿಸಿ ಹೇಳಬೇಕು. ಹೊರಗಿನಿಂದ ದುಡ್ಡು ಕೊಟ್ಟು ಸೊಪ್ಪು ತಂದರೆ ನಾನು ನೇರವಾಗಿ ತಟ್ಟೆಗೆ ಹಾಕುವುದಿಲ್ಲ. ಹತ್ತು ಹುಳುಗಳನ್ನು ಬೇರೆ ಮಾಡಿ, ಆ ಸೊಪ್ಪು ಹಾಕಿ, ಮೂರು ಗಂಟೆ ಕಾಯುತ್ತೇನೆ. ಹತ್ತೂ ತಿಂದು ಗಟ್ಟಿಯಾಗಿದ್ದರೆ ಮಿಕ್ಕವಕ್ಕೆ ಹಾಕುತ್ತೇನೆ. ಕೈಬದಲಿನ ಸೊಪ್ಪಿಗೆ ಮಾತ್ರ ಯಾರೂ ಹೀಗೆ ಮಾಡುವುದಿಲ್ಲ. ದಾನ ಕೊಟ್ಟ ಎಮ್ಮೆಯ ಹಲ್ಲು ಹಿಡಿದು ನೋಡಿದ ಹಾಗಾಗುತ್ತದೆ. ನಾನೇ ಎಷ್ಟೋ ಜನರಿಗೆ ಪರೀಕ್ಷೆಯ ಪಾಠ ಹೇಳಿದ್ದೇನೆ, ಆದರೆ ಯಜಮಾನರ ಸೊಪ್ಪನ್ನು ಪರೀಕ್ಷೆ ಮಾಡುವ ಯೋಚನೆಯೇ ನನಗೆ ಬರಲಿಲ್ಲ. ಬಂದಿದ್ದರೂ ನಾಚಿಕೆಯಾಗಿ ಬಿಟ್ಟುಬಿಡುತ್ತಿದ್ದೆ.

ಮೇಲಿನ ಸಾಲಿನ ತಟ್ಟೆಗಳಿಗೆ ನನ್ನ ತೋಟದ ಸೊಪ್ಪು ಹಾಕಿದೆ, ಕೆಳಗಿನ ಸಾಲಿಗೆ ಕೈಬದಲಿನದು. ಎರಡು ಹೊತ್ತು ಹಾಕಿದೆ. ಮರುದಿನ ಬೆಳಗ್ಗೆ ಬಾಗಿಲು ತೆರೆದು ಕೆಳಗಿನ ತಟ್ಟೆ ಎಳೆದು ನೋಡಿದರೆ ಅಲ್ಲಲ್ಲಿ ಹುಳುಗಳು ತಲೆ ಎತ್ತಿ ಆಡಿಸುತ್ತಾ ಬಾಯಿಂದ ಹಸಿರು ರಸ ಕಾರುತ್ತಿದ್ದವು. ಇದು ರೋಗವಲ್ಲ, ಗಿಡಕ್ಕೆ ಹೊಡೆಯುವ ಔಷಧಿಯ ಕೆಲಸ. ಬದುವಿನ ಮೇಲೆ ಓಡಿದೆ. ಯಜಮಾನರ ತೋಟದ ಆ ಬದಿಗೆ ಯಾರೋ ಗುತ್ತಿಗೆಗೆ ಹಿಡಿದ ಗುಲಾಬಿ ತೋಟವಿದೆ, ಹೂವೆಲ್ಲ ಚಿಕ್ಕಬಳ್ಳಾಪುರದ ಮಾರ್ಕೆಟ್ಟಿಗೆ ಹೋಗುತ್ತದೆ. ಹತ್ತಿರ ಹೋದರೆ ಔಷಧಿಯ ವಾಸನೆ ಇನ್ನೂ ಮೂಗಿಗೆ ಹೊಡೆಯುತ್ತಿತ್ತು. ಗಾಳಿಗೆ ಈ ಕಡೆ ಬಂದಿದೆ, ನಾನು ಕೊಯ್ದದ್ದೂ ಆ ಬದಿಯ ಸಾಲುಗಳನ್ನೇ.

ಸತ್ತವನ್ನು, ಸಾಯುವ ಹಾಗಿದ್ದವನ್ನು ಆರಿಸಿ ತೆಗೆದೆ. ಹಳೆ ಸೊಪ್ಪನ್ನು ಎತ್ತಿ ಸುಟ್ಟೆ. ಹರಿದ ಎಲೆಯಾದರೂ ಸರಿ ಎಂದು ನನ್ನ ತೋಟದ್ದನ್ನೇ ಕತ್ತರಿಸಿ ಎಲ್ಲಕ್ಕೂ ಹಂಚಿದೆ. ಉಳಿದ ಹುಳು ತಿಂದವು, ಹೆಚ್ಚುಕಮ್ಮಿ ಹೊತ್ತಿಗೆ ಸರಿಯಾಗಿ ಎರಡನೇ ಜ್ವರಕ್ಕೆ ಕೂತವು. ಜ್ವರಕ್ಕೆ ಕೂತವೆಂದರೆ ಗೆದ್ದವು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಯಜಮಾನರಿಗೂ ಹೇಳಲಿಲ್ಲ, ರೈತರಿಗೂ ಹೇಳಲಿಲ್ಲ.

ಹುಳು ಹಂಚುವ ದಿನ ಹಳೆ ಗಿರಾಕಿಗಳು ಬೆಳಗ್ಗೆಯೇ ಬರುತ್ತಾರೆ, ಮೇಲಿನ ಸಾಲಿನಿಂದ ಇಳಿಸಿಕೊಂಡು ಹೋಗುತ್ತಾರೆ. ಅವತ್ತು ಕೊನೆಗೆ ಬಂದವಳು ಒಬ್ಬ ಹೊಸಬಳು. ಚಿಂತಾಮಣಿಯ ಆಚೆ, ಅಂಬಾಜಿದುರ್ಗದ ಬುಡದ ಹಳ್ಳಿಯವಳು, ಮೂವತ್ತರ ಆಸುಪಾಸು, ಬಿ.ಎ. ಓದಿದವಳು. ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಆಗಿದ್ದಳಂತೆ. ಹೋಗಿಬರುವ ದಾರಿಯಲ್ಲೇ ದಿನಕ್ಕೆ ನಾಲ್ಕು ಗಂಟೆ ಕಳೆಯುವುದು ಸಾಕಾಗಿ ಕೆಲಸ ಬಿಟ್ಟು, ಮನೆಯ ಒಂದು ಎಕರೆಗೆ ಹಿಪ್ಪುನೇರಳೆ ಹಾಕಿ, ಹುಳುಮನೆ ಕಟ್ಟಿಸಿದ್ದಳು.

"ಮನೇಲಿ ಒಂದೇ ಒಂದು ಬೆಳೆಗೆ ಒಪ್ಪಿದಾರೆ ಅಕ್ಕ," ಎಂದಳು. "ಇದು ಕೈಕೊಟ್ರೆ ಶೆಡ್ಡನ್ನ ಭಾವ ಟೊಮೆಟೊ ಕ್ರೇಟ್ ಇಡಕ್ಕೆ ತಗೋತಾರೆ, ನಾನು ವಾಪಸ್ ಫ್ಯಾಕ್ಟರಿಗೆ. ಹಂಗಂತ ಮಾತಾಗಿದೆ."

ಹೇಳಿಬಿಡಲೇ ಎಂದು ನನಗೆ ಆಗಲೇ ಒಮ್ಮೆ ಅನ್ನಿಸಿತು. ಆದರೂ ಕೆಳಗಿನ ಸಾಲಿನ ತಟ್ಟೆಗಳನ್ನು ಇಳಿಸಿ, ನೂರು ಮೊಟ್ಟೆಯ, ಅಂದರೆ ನೂರು ಚಿಟ್ಟೆಗಳಿಟ್ಟ ಮೊಟ್ಟೆರಾಶಿಗಳ, ಹುಳುವನ್ನು ಕಾಗದದಲ್ಲಿ ಸುತ್ತಿ ಅವಳ ಆಟೋಗೆ ಏರಿಸಿದೆ. ಅಷ್ಟು ಸಾಲದೆಂದು ಬುದ್ಧಿಯನ್ನೂ ಹೇಳಿದೆ.

"ಗೂಡು ಮಾರಿದ ವಾರದೊಳಗೆ ದುಡ್ಡು ಬರ್ಬೇಕು ಕಣಮ್ಮ. ಇಲ್ದಿದ್ರೆ ನಾನೇ ಬಂದು ನಿಮ್ಮ ಜಗುಲಿ ಮೇಲೆ ಕೂತ್ಕೊತೀನಿ."

"ನಮ್ಮನೇಲಿ ಜಗುಲಿ ಇಲ್ಲ ಅಕ್ಕ," ಎಂದು ನಕ್ಕಳು. "ಬನ್ನಿ, ಕುರ್ಚಿ ಹಾಕ್ತೀನಿ."

ಎರಡು ವಾರ ಏನೂ ಸುದ್ದಿಯಿರಲಿಲ್ಲ. ನಾಲ್ಕನೇ ಜ್ವರ ಎದ್ದ ಮರುದಿನ ಫೋನು ಬಂತು.

"ಅಕ್ಕ, ಅರ್ಧ ಹುಳ ದಪ್ಪಗಿವೆ, ಅರ್ಧ ಸಣ್ಣಗಿವೆ. ದಪ್ಪದು ಎದ್ದು ತಿಂತಾ ಇವೆ, ಸಣ್ಣದು ಇನ್ನೂ ಜ್ವರದಲ್ಲೇ ಇವೆ. ಎಲ್ಲೋ ನಾನೇ ತಪ್ಪು ಮಾಡಿದೀನಿ ಅನ್ಸುತ್ತೆ. ಒಂದ್ಸಲ ಬರ್ತೀರಾ?"

ಹೋದೆ. ಹುಳುಮನೆಯ ಬಾಗಿಲ ಮೇಲೆ ಬುದ್ಧನ ಪಟ, ಕೆಳಗೆ ಸುಣ್ಣದ ಪುಡಿಯ ತಟ್ಟೆ. ಕಾಲಿಗೆ ಸುಣ್ಣ ಮೆತ್ತಿಕೊಳ್ಳದೆ ಒಳಗೆ ಬಿಡುವುದಿಲ್ಲ ಎಂದಳು. ಹುಳು ಕೊಟ್ಟ ದಿನ ನಾನು ಹೇಳಿದ್ದ ಪಾಠವನ್ನೇ ನನಗೆ ಒಪ್ಪಿಸುತ್ತಿದ್ದಳು. ಒಳಗೆ ಹುಳುಗಳ ಅವಸ್ಥೆ ಅವಳು ಹೇಳಿದ ಹಾಗೆಯೇ ಇತ್ತು. ಒಂದೇ ಹಾಸಿಗೆಯಲ್ಲಿ ಕಿರುಬೆರಳಿನಷ್ಟು ದಪ್ಪದವು ಸೊಪ್ಪು ಮೇಯುತ್ತಿದ್ದವು, ಅವುಗಳ ಅರ್ಧದಷ್ಟಿದ್ದವು ತಲೆ ಎತ್ತಿ ಸುಮ್ಮನೆ ಕೂತಿದ್ದವು. ರೋಗದ ವಾಸನೆ ಇರಲಿಲ್ಲ. ಒಂದನ್ನು ಎತ್ತಿ ಬೆರಳಿನಲ್ಲಿ ಒತ್ತಿ ನೋಡಿದೆ, ಗಟ್ಟಿಯಾಗಿತ್ತು.

ಅವಳು ಒಂದು ನೋಟ್‌ಬುಕ್ ತಂದುಕೊಟ್ಟಳು. ಯಾವ ಹೊತ್ತಿಗೆ ಎಷ್ಟು ಸೊಪ್ಪು, ಕೋಣೆಯ ಶಾಖ ಎಷ್ಟು, ಹಿಕ್ಕೆ ತೆಗೆದದ್ದು ಯಾವಾಗ, ಸುಣ್ಣ ಉದುರಿಸಿದ್ದು ಯಾವಾಗ, ಎಲ್ಲವೂ ಇತ್ತು. ನಾನು ಅವಳು ಹಾಕಿದ ಕುರ್ಚಿಯ ಮೇಲೆ ಕೂತು ಪುಟ ತಿರುಗಿಸಿದೆ. ನಿಜ ಹೇಳುತ್ತೇನೆ, ನಾನು ಹುಡುಕುತ್ತಿದ್ದದ್ದು ಅವಳ ತಪ್ಪನ್ನು. ಒಂದು ದಿನ ಒದ್ದೆ ಸೊಪ್ಪು ಹಾಕಿರಲಿ, ಒಂದು ಹೊತ್ತು ತಡಮಾಡಿರಲಿ, ಕಿಟಕಿ ಮುಚ್ಚಿಟ್ಟಿರಲಿ ಎಂದು ಆಸೆಪಟ್ಟು ಓದಿದೆ. ಹದಿನಾಲ್ಕು ದಿನದ ಲೆಕ್ಕದಲ್ಲಿ ಬೆರಳಿಡಲು ಒಂದು ಜಾಗ ಸಿಗಲಿಲ್ಲ. ಇಪ್ಪತ್ತು ವರ್ಷದಿಂದ ಹುಳು ಹಿಡಿದವರೂ ಇಷ್ಟು ನೇಮವಾಗಿ ಮಾಡುವುದಿಲ್ಲ.

"ಸಿಗ್ತಾ ಅಕ್ಕ, ತಪ್ಪು?" ಎಂದು ಕೇಳಿದಳು.

"ನೋಡಣ," ಎಂದೆ.

ಹೊರಡುವಾಗ ಗೇಟಿನ ತನಕ ಬಂದಳು. "ನಿಮ್ಮ ದುಡ್ಡಿಗೆ ಯೋಚನೆ ಮಾಡ್ಬೇಡಿ. ಬೆಳೆ ಹೋದ್ರೂ ಫ್ಯಾಕ್ಟರಿ ಸಂಬಳದಲ್ಲಿ ತೀರಿಸ್ತೀನಿ. ಬಾಕಿ ಇಟ್ಕೊಂಡು ಓಡಾಡೋಳಲ್ಲ ನಾನು."

ಚಿಂತಾಮಣಿಯಿಂದ ಶಿಡ್ಲಘಟ್ಟದ ತನಕ ಬಸ್ಸಿನಲ್ಲಿ ಆ ಮಾತೇ ಕಿವಿಯಲ್ಲಿತ್ತು. ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದೆ. ಅವರು ಟ್ರ್ಯಾಕ್ಟರಿನ ಕೆಳಗಿಂದ ತಲೆ ಹೊರಗೆ ಹಾಕಿ ಕೇಳಿಸಿಕೊಂಡರು.

"ಹೇಳಿದ್ರೆ ನಾಳೆ ಎಂಟು ಊರಿಗೆ ಗೊತ್ತಾಗುತ್ತೆ. ಔಷಧಿ ಬಿದ್ದ ಹುಳ ಕೊಟ್ಳು ಅಂತಾರೆ. ಆಮೇಲೆ ಯಾರು ನಿನ್ನ ಹತ್ರ ಬರ್ತಾರೆ?"

ಅದರಲ್ಲಿ ಸುಳ್ಳೇನೂ ಇರಲಿಲ್ಲ. ಚಾಕಿ ಕೇಂದ್ರಕ್ಕೆ ಹೆಸರೇ ಬಂಡವಾಳ. ಆದರೆ ನೋಟ್‌ಬುಕ್ಕಿನ ಒಂದು ಲೆಕ್ಕ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಅವಳ ತೋಟದಲ್ಲಿ ಇನ್ನು ಉಳಿದಿದ್ದದ್ದು ಆರು ದಿನದ ಸೊಪ್ಪು. ದಪ್ಪ ಹುಳು ಅಷ್ಟರಲ್ಲಿ ಹಣ್ಣಾಗಿ, ಅಂದರೆ ನೂಲು ಬಿಡಲು ಸಿದ್ಧವಾಗಿ, ಗೂಡು ಕಟ್ಟುತ್ತವೆ. ಸಣ್ಣವು ಹಿಂದೆ ಬಿದ್ದಿದ್ದವೇ ಹೊರತು ಕೆಟ್ಟಿರಲಿಲ್ಲ. ಅವಕ್ಕೆ ಇನ್ನೂ ನಾಲ್ಕು ದಿನ ಮೇವು ಸಿಕ್ಕರೆ ಅವೂ ಗೂಡು ಕಟ್ಟುತ್ತವೆ. ಸಿಗದಿದ್ದರೆ ಅರ್ಧ ಬೆಳೆ ತಿಪ್ಪೆಗೆ ಹೋಗುತ್ತದೆ, ಶೆಡ್ಡಿಗೆ ಕ್ರೇಟು ಬರುತ್ತವೆ.

ನನ್ನ ತೋಟದ ಎರಡನೇ ತುಂಡು ಅಷ್ಟು ಹೊತ್ತಿಗೆ ಎದೆಯುದ್ದ ಬೆಳೆದು ನಿಂತಿತ್ತು. ಮುಂದಿನ ಬ್ಯಾಚಿಗೆಂದು ಇಟ್ಟದ್ದು. ಅದನ್ನು ಬುಡದ ತನಕ ಕೊಯ್ದರೆ ಆ ಬ್ಯಾಚು ಇಲ್ಲ, ಕಾದು ಕೂತ ಹಳೆ ಗಿರಾಕಿಗಳಿಗೆ ಹುಳುವಿಲ್ಲ. ಮೊದಲು ಒಂದು ಕಳ್ಳ ಯೋಚನೆ ಮಾಡಿದೆ. ಸುಮ್ಮನೆ ಸಹಾಯ ಎಂದು ಹೇಳಿ ಸೊಪ್ಪು ಕೊಟ್ಟುಬಿಡೋಣ, ಔಷಧಿಯ ಸುದ್ದಿ ಎತ್ತುವುದೇ ಬೇಡ. ಆಮೇಲೆ ಅವಳ ಮುಖ ನೆನಪಾಯಿತು. ಅವಳು ಬದುಕಿರುವ ತನಕ ನನಗೆ ಕೈಮುಗಿಯುತ್ತಾಳೆ, ತಪ್ಪು ತನ್ನದೇ ಎಂದು ನಂಬಿಕೊಂಡೇ ಇರುತ್ತಾಳೆ. ಅದನ್ನು ತಡೆದುಕೊಳ್ಳುವ ಗುಂಡಿಗೆ ನನಗಿರಲಿಲ್ಲ. ಸೊಪ್ಪೂ ಕೊಡಬೇಕು, ನಿಜವನ್ನೂ ಹೇಳಬೇಕು ಎಂದು ತೀರ್ಮಾನ ಮಾಡಿದೆ.

ಮರುದಿನ ಬೆಳಗ್ಗೆ ಆ ತುಂಡಿನಲ್ಲಿ ಎಷ್ಟು ಹೊರೆ ಸಿಕ್ಕೀತೆಂದು ನೋಡಲು ತೋಟಕ್ಕೆ ಹೋದರೆ ಬದುವಿನ ಮೇಲೆ ಯಜಮಾನರು ನಿಂತಿದ್ದರು.

"ಏಮ್ಮಾ, ನಾ ಆಕು ಎಪ್ಪುಡಿಸ್ತಾವು?" ಎಂದು ಕೇಳಿದರು. ಅವರ ಸೊಪ್ಪು ಯಾವಾಗ ವಾಪಸ್ ಕೊಡುತ್ತೀಯ ಎಂದು. ಅವರ ಮನೆಯಲ್ಲೂ ಹುಳು ಇದ್ದವು, ಕೇಳಿದ್ದು ನ್ಯಾಯವೇ. ನನಗೆ ಮಾತ್ರ ಅಳುವುದೋ ನಗುವುದೋ ತಿಳಿಯಲಿಲ್ಲ. ನನ್ನ ಹುಳುವನ್ನು ಕೊಂದ ಸೊಪ್ಪಿಗೂ ನಾನು ಬಾಕಿ.

ಅವರಿಗೂ ಹೇಳಿಬಿಟ್ಟೆ. ಗುಲಾಬಿ ತೋಟದ ಔಷಧಿ, ಕೆಳಗಿನ ಸಾಲು, ಅಂಬಾಜಿದುರ್ಗದವಳು, ಎಲ್ಲ. ಅವರು ತಮ್ಮ ತೋಟದ ಆ ಬದಿಯ ಸಾಲುಗಳ ಕಡೆ ತಿರುಗಿ ನೋಡಿದರು.

"ಮೂವತ್ತು ವರ್ಷದಿಂದ ಸೊಪ್ಪು ಕೊಟ್ಟಿದೀನಿ," ಎಂದರು. "ನನ್ನ ಸೊಪ್ಪಿಗೆ ಹೆಸರಿಟ್ಟೋರು ನೀನೇ ಮೊದಲು."

"ನಿಮ್ಮ ಬಾಕಿ ಕೊಟ್ಟೇ ಕೊಡ್ತೀನಿ. ಈ ತುಂಡು ಮಾತ್ರ ಅವಳಿಗೆ ಹೋಗ್ಲಿ. ನಿಮ್ಮದು ಮುಂದಿನ ತುಂಡು ಬೆಳೆದಾಗ."

ಅವರು ಟವೆಲ್ ಕೊಡವಿ ಹೆಗಲ ಮೇಲೆ ಹಾಕಿಕೊಂಡು ಹೋದರು. ಅವತ್ತಿನಿಂದ ಎದುರಿಗೆ ಸಿಕ್ಕರೂ ಮುಖ ಕೊಡಲಿಲ್ಲ.

ಅವಳಿಗೆ ಹೇಳುವುದು ಇದಕ್ಕಿಂತ ಕಷ್ಟವಾಯಿತು. ಅವತ್ತೇ ಅವಳ ಊರಿಗೆ ಹೋಗಿ, ಹುಳುಮನೆಯಲ್ಲಿ ನಿಂತುಕೊಂಡೇ ಹೇಳಿದೆ, ಕುರ್ಚಿ ಬೇಡ ಎಂದೆ. ಅವಳು ಸೊಪ್ಪು ಹಾಸುತ್ತಿದ್ದ ಕೈ ನಿಲ್ಲಿಸಿ ಕೇಳಿಸಿಕೊಂಡಳು. ನಾನು ಮುಗಿಸಿದ ಮೇಲೆ ಒಂದೇ ಪ್ರಶ್ನೆ ಕೇಳಿದಳು.

"ಹುಳ ಕೊಟ್ಟ ದಿನ ನಿಮಗೆ ಇದು ಗೊತ್ತಿತ್ತಾ?"

"ಗೊತ್ತಿತ್ತು."

"ಆವತ್ತೇ ಹೇಳಿದ್ರೆ ಬೇರೆ ಕಡೆ ತರ್ತಿದ್ದೆ. ಇಲ್ಲ ಅಂದ್ರೆ ಇದನ್ನೇ ತಂದು ಬೇರೆ ಥರ ನೋಡ್ಕೊತಿದ್ದೆ. ಹದಿನೈದು ದಿನದಿಂದ ನಾನು ನನ್ನನ್ನೇ ಬೈಕೊತಾ ಇದೀನಿ. ನಿನ್ನೆ ಆ ಬುಕ್ಕು ಓದಿ, ನೋಡಣ ಅಂತ ಹೇಳಿ ಹೋದ್ರಲ್ಲ."

ಅವಳ ದನಿ ಏರಲಿಲ್ಲ. ಏರಿದ್ದರೆ ನನಗೆ ಸುಲಭವಾಗುತ್ತಿತ್ತು. ನೀನು ನನಗೆ ಒಂದು ರೂಪಾಯಿ ಕೊಡಬೇಕಾಗಿಲ್ಲ, ನಾನೇ ನಿನಗೆ ನಾಲ್ಕು ದಿನದ ಸೊಪ್ಪು ಬಾಕಿ ಇದ್ದೀನಿ, ಹೊತ್ತುಹೊತ್ತಿಗೆ ತಂದು ಹಾಕುತ್ತೀನಿ ಎಂದೆ. ಅವಳು ಮೂಲೆಯಲ್ಲಿದ್ದ ಬಲೆಯ ಕಟ್ಟನ್ನು ಎತ್ತಿ ನನ್ನ ಕೈಗೆ ಕೊಟ್ಟಳು.

"ಬಂದಿದೀರಲ್ಲ, ಬೇರೆ ಮಾಡೋಣ ಬನ್ನಿ," ಎಂದಳು.

ದಪ್ಪ ಸಣ್ಣ ಬೇರೆ ಮಾಡುವುದಕ್ಕೆ ಕೈಯಲ್ಲಿ ಆರಿಸುತ್ತಾ ಕೂತರೆ ವಾರ ಸಾಲದು. ಹಾಸಿಗೆಯ ಮೇಲೆ ಬಲೆ ಹರಡಿ, ಬಲೆಯ ಮೇಲೆ ತಾಜಾ ಸೊಪ್ಪು ಹಾಕಬೇಕು. ಹಸಿದ ದಪ್ಪ ಹುಳು ಬಲೆಯ ಕಣ್ಣುಗಳೊಳಗಿಂದ ತೂರಿ ಮೇಲಕ್ಕೆ ಬರುತ್ತವೆ, ಜ್ವರದಲ್ಲಿರುವ ಸಣ್ಣವು ಕೆಳಗೇ ಉಳಿಯುತ್ತವೆ. ಅರ್ಧ ಗಂಟೆ ಕಾದು, ಆ ಕೊನೆ ಅವಳು, ಈ ಕೊನೆ ನಾನು ಹಿಡಿದು ಬಲೆಯನ್ನು ಎತ್ತಿ ಬೇರೆ ಅಂಕಣಕ್ಕೆ ಇಳಿಸಬೇಕು. ಸಂಜೆಯ ಹೊತ್ತಿಗೆ ಮನೆ ಎರಡು ಭಾಗವಾಯಿತು. ಇನ್ನು ಸಣ್ಣವಕ್ಕೆ ಅವುಗಳ ಹೊತ್ತಿನಲ್ಲಿ ಮೇವು, ದಪ್ಪವಕ್ಕೆ ಅವುಗಳ ಹೊತ್ತಿನಲ್ಲಿ. ಕೆಲಸದ ಮಾತು ಬಿಟ್ಟು ಅವಳು ಅವತ್ತು ಬೇರೆ ಮಾತಾಡಲಿಲ್ಲ. ಹೋಗುವಾಗ ಟೀ ಮಾತ್ರ ಕೊಟ್ಟಳು.

ಆರು ದಿನ ಕಳೆದು ಅವಳ ತೋಟ ಬರಿದಾದ ಬೆಳಗ್ಗೆ ನನ್ನ ಸರದಿ ಶುರುವಾಯಿತು. ಬೆಳಕು ಹರಿಯುತ್ತಿದ್ದಂತೆ ನಾನೂ ನನ್ನ ಗಂಡನೂ ಕೊಯ್ದು, ಹೊರೆ ಕಟ್ಟಿ, ಒದ್ದೆ ಗೋಣಿ ಹೊದಿಸಿ, ಬಾಡಿಗೆ ಟೆಂಪೊಗೆ ಏರಿಸಿದೆವು. ಬೇಡ ಎಂದಿದ್ದ ಗಂಡನೇ ನನಗಿಂತ ಜಾಸ್ತಿ ಹೊರೆ ಕಟ್ಟಿದರು. ಕೊಯ್ದ ಸೊಪ್ಪು ಒತ್ತಾಗಿ ಕೂತರೆ ಒಳಗೇ ಬಿಸಿಯಾಗಿ ಬೆವರುತ್ತದೆ, ಬೆವರಿದ ಸೊಪ್ಪು ತಿಂದ ಹುಳು ಸಪ್ಪೆರೋಗ ಹಿಡಿದು ಬೀಳುತ್ತವೆ. ಆದ್ದರಿಂದ ಬಿಸಿಲೇರುವ ಮೊದಲು ಮುಟ್ಟಿಸಬೇಕು. ಮೊದಲ ದಿನ ಮುಟ್ಟಿಸಿದೆವು.

ಎರಡನೇ ದಿನ ಚಿಂತಾಮಣಿಯ ಟೊಮೆಟೊ ಮಾರ್ಕೆಟ್ಟಿನ ರಸ್ತೆಯಲ್ಲಿ ಲಾರಿಗಳ ನಡುವೆ ಸಿಕ್ಕಿಹಾಕಿಕೊಂಡೆವು. ಮುಂದೆ ಕ್ರೇಟು, ಹಿಂದೆ ಕ್ರೇಟು. ಒಂದೂವರೆ ಗಂಟೆ ಟೆಂಪೊ ಅಲ್ಲಾಡಲಿಲ್ಲ. ಗೋಣಿಯ ಕೆಳಗೆ ಕೈ ಹಾಕಿದರೆ ನಡುವಿನ ಹೊರೆಗಳು ಆಗತಾನೇ ಇಳಿಸಿದ ಮುದ್ದೆಯಷ್ಟು ಬೆಚ್ಚಗಿದ್ದವು. ಅಂಬಾಜಿದುರ್ಗದ ಬುಡ ಮುಟ್ಟುವ ಹೊತ್ತಿಗೆ ಹತ್ತು ಗಂಟೆ. ಅಂಗಳದಲ್ಲಿ ನೆರಳಿಗೆ ಹರಡಿ, ಮೇಲಿನ ಹೊರೆಗಳು ಚೆನ್ನಾಗಿವೆ, ಇವನ್ನು ಹಾಕು, ಹುಳು ಹಸಿದಿವೆ ಎಂದೆ.

ಅವಳು ಒಂದು ಊಟದ ತಟ್ಟೆ ತಂದಳು. ಅದಕ್ಕೆ ಹತ್ತು ಸಣ್ಣ ಹುಳು ಎಣಿಸಿ ಹಾಕಿ, ನನ್ನ ಸೊಪ್ಪಿನಿಂದ ನಾಲ್ಕು ಎಲೆ ಕಿತ್ತು ಇಟ್ಟು, ನನ್ನ ಎದುರಿಗೇ ನೆಲದ ಮೇಲೆ ಕೂತಳು.

"ಒಂದು ಗಂಟೆ ನೋಡ್ತೀನಿ," ಎಂದಳು.

ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ಬೆಳಗಿನಿಂದ ಕೊಯ್ದು, ಹೊತ್ತು, ಬಿಸಿಲಲ್ಲಿ ಬೆಂದು ತಂದ ಸೊಪ್ಪು. ಎದ್ದು ಹೋಗಿಬಿಡಲೇ ಎನ್ನುವಷ್ಟು ಕೋಪ ಬಂತು. ಪುಣ್ಯಕ್ಕೆ ಕೋಪದ ಹಿಂದೆಯೇ ಬುದ್ಧಿಯೂ ಬಂತು. ನಾನು ಯಜಮಾನರ ಎದುರು ನಾಚಿಕೆಯಿಂದ ಮಾಡದೆ ಬಿಟ್ಟದ್ದನ್ನು ಈ ಹೆಂಗಸು ನಾಚಿಕೆಯಿಲ್ಲದೆ ಮಾಡುತ್ತಿದ್ದಾಳೆ, ನಮ್ಮ ಮರ್ಯಾದೆಗಳೆಲ್ಲ ಅವಳಿಗೆ ಗೊತ್ತಿಲ್ಲದ್ದೇ ಒಳ್ಳೆಯದಾಯಿತು ಅನ್ನಿಸಿತು. ನಾನೂ ನೆಲದ ಮೇಲೆ ಕೂತೆ. ಇಬ್ಬರೂ ಹತ್ತು ಹುಳು ಎಲೆಯ ಅಂಚಿನಿಂದ ಮೇಯುತ್ತಾ ಹೋಗುವುದನ್ನು ನೋಡಿದೆವು. ಅದೇ ಹೊತ್ತಿನಲ್ಲಿ ಅವಳು ಫ್ಯಾಕ್ಟರಿಯ ಕಥೆ ಹೇಳಿದಳು. ನೂರು ಶರ್ಟಿನಲ್ಲಿ ಹತ್ತನ್ನು ಎಳೆದು ನೋಡಿ, ಒಂದು ಹೊಲಿಗೆ ಬಿಟ್ಟಿದ್ದರೂ ನೂರನ್ನೂ ವಾಪಸ್ ಕಳಿಸುತ್ತಿದ್ದಳಂತೆ.

"ಹೊಲಿದೋರಿಗೆ ಕೋಪ ಬರ್ತಿರ್ಲಿಲ್ವಾ?" ಎಂದೆ.

"ಬರ್ತಿತ್ತು. ಆಮೇಲೆ ಹೋಗ್ತಿತ್ತು. ನಿಮಗೀಗ ಹೋಯ್ತಲ್ಲ, ಹಂಗೆ."

ಹತ್ತೂ ತಿಂದವು, ಹತ್ತೂ ಗಟ್ಟಿಯಾಗಿದ್ದವು. ಮೇಲಿನ ಹೊರೆಗಳನ್ನು ಹಾಕಿದೆವು, ಬೆಚ್ಚಗಾದವನ್ನು ಅವಳು ಹಸುವಿಗೂ ಹಾಕಗೊಡಲಿಲ್ಲ, ತಿಪ್ಪೆಗೆ ಎಸೆಯಿಸಿದಳು. ಆ ಕೊರತೆ ತುಂಬಲು ಸಂಜೆ ಇನ್ನೊಂದು ಟ್ರಿಪ್ಪು ಹೊಡೆಯಬೇಕಾಯಿತು. ಮೂರನೇ ದಿನ, ನಾಲ್ಕನೇ ದಿನ ಬೇರೆ ದಾರಿ ಹಿಡಿದು ಬಂದೆವು.

ಅಷ್ಟರಲ್ಲಿ ದಪ್ಪ ಹುಳುಗಳು ಗೂಡು ಕಟ್ಟಿ ಮುಗಿಸಿದ್ದವು. ಐದನೇ ದಿನ ಬೆಳಗ್ಗೆ ಅವಳ ಫೋನು. "ಅಕ್ಕ, ಸಣ್ಣವು ಮೇವು ಬಿಟ್ಟಿವೆ," ಎಂದಳು. ಸಾಯುವ ಹುಳು ಮೇವು ಬಿಡುತ್ತವೆ, ಹಣ್ಣಾದ ಹುಳುವೂ ಬಿಡುತ್ತವೆ.

"ಒಂದನ್ನ ಎತ್ತಿ ಬೆಳಕಿಗೆ ಹಿಡಿ," ಎಂದೆ.

ಫೋನಿನಲ್ಲಿ ಅವಳ ಚಪ್ಪಲಿಯ ಸದ್ದು, ಬಾಗಿಲಿನ ಸದ್ದು.

"ಒಳಗೆ ಬೆಳಕು ಕಾಣ್ತಿದೆ ಅಕ್ಕ. ಬಾಯಲ್ಲಿ ನೂಲು ಬರ್ತಿದೆ."

ನಾನು ತಟ್ಟೆ ತೊಳೆಯುವ ಜಾಗದಲ್ಲೇ ಕೂತು ಅತ್ತುಬಿಟ್ಟೆ. ಆಮೇಲೆ ಕಣ್ಣು ಒರೆಸಿಕೊಂಡು, ಗೂಡು ಕಟ್ಟುವ ಚಂದ್ರಿಕೆ ತಟ್ಟಿಗೆ ಹುಳು ಬಿಡುವಾಗ ಒತ್ತೊತ್ತಾಗಿ ಬಿಡಬೇಡ, ಎರಡು ಹುಳು ಸೇರಿ ಜೋಡಿಗೂಡಾಗುತ್ತದೆ ಎಂದು ಬೈದೆ.

ಅವಳ ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಎರಡು ಸಲವಾಗಿ ಬಂತು. ಮೊದಲ ಗೂಡಿಗೆ ಒಳ್ಳೆಯ ಬೆಲೆ, ಎರಡನೆಯದಕ್ಕೆ ಸ್ವಲ್ಪ ಕಡಿಮೆ. ಭರ್ಜರಿ ಬೆಳೆಯೇನಲ್ಲ, ಆದರೆ ಶೆಡ್ಡು ಅವಳಲ್ಲೇ ಉಳಿಯುವಷ್ಟು ಆಯಿತು. ಮಾರುಕಟ್ಟೆಯಿಂದ ನೇರವಾಗಿ ನಮ್ಮ ಮನೆಗೆ ಬಂದು ಜಗುಲಿಯ ಮೇಲೆ ಕೂತಳು. ಮಜ್ಜಿಗೆ ಕೊಟ್ಟೆ, ಕುಡಿದಳು. ದುಡ್ಡಿನ ಮಾತು ಎತ್ತಲಿಲ್ಲ. ಕೊನೆಗೆ ನಾನೇ ತಡೆಯಲಾರದೆ, "ಹುಳದ ದುಡ್ಡು ಕೊಡ್ಬೇಡ ಅಂದಿದೀನಲ್ಲ," ಎಂದೆ.

"ಕೊಡಕ್ಕೆ ಬಂದಿಲ್ಲ," ಎಂದಳು. "ಮುಂದಿನ ಬ್ಯಾಚಲ್ಲಿ ನನಗೆ ಮೇಲಿನ ಸಾಲು ಬೇಕು. ಅಷ್ಟು ಹೇಳಿ ಹೋಗಣ ಅಂತ ಬಂದೆ. ಹಂಚೋದಕ್ಕೆ ಎರಡು ದಿನ ಮುಂಚೆ ಬಂದು ತಟ್ಟೆನೂ ನೋಡ್ತೀನಿ."

ಗಂಡ ಹೇಳಿದ್ದೂ ಸುಳ್ಳಾಗಲಿಲ್ಲ. ಒಂದು ಬ್ಯಾಚು ತಪ್ಪಿತು, ಸುದ್ದಿಯೂ ಹರಡಿತು. ಎಂಟು ಜನ ಹಳೆ ಗಿರಾಕಿಗಳಲ್ಲಿ ಮೂವರು ಬೇರೆ ಕೇಂದ್ರ ಹಿಡಿದರು. ಒಬ್ಬರಂತೂ ಇಷ್ಟು ವರ್ಷ ಇನ್ನೇನೇನು ಮುಚ್ಚಿಟ್ಟಿದ್ದೆಯೋ ಎಂದು ಮುಖಕ್ಕೇ ಕೇಳಿದರು. ಅಂಬಾಜಿದುರ್ಗದವಳು ತನ್ನ ಊರಿನ ಇಬ್ಬರು ಹೆಂಗಸರನ್ನು ಕರೆತಂದಳು. ಈಗ ಹಂಚುವ ಮೊದಲು ಎಲ್ಲರಿಗೂ ಬಾಗಿಲು ತೆರೆದು ಎಲ್ಲ ಸಾಲುಗಳನ್ನೂ ತೋರಿಸುತ್ತೇನೆ.

ಉಳಿದದ್ದು ಯಜಮಾನರ ಬಾಕಿ. ಮೂರನೇ ತುಂಡು ಬೆಳೆದಾಗ, ನಾನು ತಂದಿದ್ದ ಹೊರೆಗಳನ್ನು ಲೆಕ್ಕ ಹಾಕಿ, ಅಷ್ಟನ್ನೂ ಕೊಯ್ದು ಅವರ ಹುಳುಮನೆಯ ಮುಂದೆ ಇಳಿಸಿದೆ. ತಿಂಗಳ ಮೇಲಾಗಿತ್ತು ಅವರು ನನ್ನ ಜೊತೆ ಮಾತಾಡಿ. ಹೊರಗೆ ಬಂದು ಹೊರೆಗಳನ್ನು ನೋಡಿದರು, ನನ್ನನ್ನೂ ನೋಡಿದರು, ಒಳಗೆ ಹೋದರು. ಇಷ್ಟೇ ಎಂದುಕೊಂಡು ನಾನು ಗೋಣಿ ಮಡಚುತ್ತಿದ್ದೆ.

ಅವರು ಒಂದು ಮೊರ ಹಿಡಿದುಕೊಂಡು ವಾಪಸ್ ಬಂದರು. ಮೊರದಲ್ಲಿ ಹತ್ತು ಹುಳು. ನನ್ನ ಹೊರೆಯಿಂದ ನಾಲ್ಕು ಎಲೆ ಕಿತ್ತು ಅವುಗಳ ಮೇಲೆ ಇಟ್ಟು, ಮೊರವನ್ನು ಜಗುಲಿಯ ಮೇಲೆ, ಬೀದಿಯವರಿಗೆಲ್ಲ ಕಾಣುವ ಹಾಗೆ ಇಟ್ಟರು. ಆಮೇಲೆ ಪಕ್ಕಕ್ಕೆ ಸರಿದು ನನಗೆ ಜಾಗ ಮಾಡಿದರು.

"ಕೂತ್ಕೊಮ್ಮ," ಎಂದರು. "ಮೂರು ಗಂಟೆ ಆಗುತ್ತೆ. ಮುಂದಿನ ಸಲ ನನ್ನ ಸೊಪ್ಪು ತಗೊಂಡ್ ಹೋದಾಗ ನೀನೂ ನನ್ನೆದುರಿಗೇ ಹಿಂಗೇ ನೋಡ್ಬೇಕು."

ನಾನು ಕೂತೆ. ಒಳಗಿನಿಂದ ಅವರ ಸೊಸೆ ಅವರೆಕಾಯಿಯ ಬುಟ್ಟಿ ತಂದು ನಮ್ಮಿಬ್ಬರ ನಡುವೆ ಇಟ್ಟಳು.